ಕಲ್ಲು ಜಾರುವ ಗಳಿಗೆ

2022ರ ಜೂನ್ ಕೊನೆಯ ವಾರ. ಕೊಡಗಿನ ಚೆಂಬು, ಸಂಪಾಜೆ, ಈಚೆ ಸುಳ್ಯದ ಹಳ್ಳಿಗಳಲ್ಲಿ ನೆಲದೊಳಗಿಂದ ಗುಡುಗಿದಂಥ ಸದ್ದು, ಅದರ ಬೆನ್ನಿಗೇ ನಡುಕ. ಪಾತ್ರೆಗಳು ಅಲುಗಿದವು, ಕೆಲವು ಗೋಡೆಗಳು ಬಿರುಕುಬಿಟ್ಟವು. ಜೂನ್ 28ರ ಬೆಳಗಿನ ಕಂಪನದ ತೀವ್ರತೆ 3.0. ಮಲೆನಾಡಿನ ಸೀತೂರಿನ ನಮಗೆ ಅದು ತಟ್ಟಲಿಲ್ಲ. ಆದರೆ ಅವರದೂ ನಮ್ಮದೂ ಒಂದೇ ಮಲೆಸಾಲು, ಒಂದೇ ಮಳೆ, ಅದೇ ಅಡಿಕೆ ತೋಟ. ಧೋ ಎಂದು ಮಳೆ ಸುರಿಯುವ ರಾತ್ರಿ ಗುಡ್ಡದ ಕಡೆಯಿಂದ ಏನಾದರೂ ಸದ್ದಾದರೆ ಅಂದಿನಿಂದ ಕಿವಿ ನಿಮಿರುತ್ತದೆ.

ಸದ್ದು ಮೊದಲು, ನಡುಕ ಆಮೇಲೆ. ಇದು ಭ್ರಮೆಯಲ್ಲ. ಆಳದಲ್ಲಿ ಕಲ್ಲು ಜಾರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ಒಂದು ನಮ್ಮ ದನಿಯಂತೆ ಒತ್ತುತ್ತ, ಹಿಗ್ಗುತ್ತ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಇನ್ನೊಂದು ಕಲ್ಲನ್ನು ಅಡ್ಡಡ್ಡ ಅಲ್ಲಾಡಿಸುತ್ತ ಸೆಕೆಂಡಿಗೆ ಮೂರೂವರೆ ಕಿ.ಮೀ.ನಂತೆ ಹಿಂದಿನಿಂದ ಬರುತ್ತದೆ. ಮುಂದಿನದು ನೆಲದ ಮೇಲೆ ಬಂದು ಗಾಳಿಯನ್ನೂ ಅದುರಿಸುವುದರಿಂದ ಕಿವಿಗೆ ಕೇಳುತ್ತದೆ. ಮನೆ ಅಲುಗಿಸುವುದು ಹೆಚ್ಚಾಗಿ ಹಿಂದಿನದು. ನಮ್ಮದು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಗಟ್ಟಿ ಕಲ್ಲಿನ ಸೀಮೆ. ಇಂಥ ಕಲ್ಲಿನಲ್ಲಿ ಅಲೆ ಬೇಗ ಸೊರಗುವುದಿಲ್ಲ. ಹೆಚ್ಚು ಆಳವಿಲ್ಲದ ಸಣ್ಣ ಕಂಪನವೂ ಅಬ್ಬರಿಸುವುದು ಅದಕ್ಕೇ. ಮಿಂಚು ಕಂಡ ಮೇಲೆ ಗುಡುಗಿನವರೆಗೆ ಎಣಿಸಿ ಸಿಡಿಲಿನ ದೂರ ಅಳೆಯುತ್ತೇವಲ್ಲ, ಹಾಗೆಯೇ ಭೂಕಂಪಮಾಪಕವೂ ಎರಡು ಅಲೆಗಳ ನಡುವಿನ ಹೊತ್ತನ್ನು ಎಣಿಸುತ್ತದೆ. ಒಂದೊಂದು ಸೆಕೆಂಡಿನ ಅಂತರಕ್ಕೆ ಸುಮಾರು 8 ಕಿ.ಮೀ. ದೂರದ ಲೆಕ್ಕ. ಮೂರು ನಿಲ್ದಾಣಗಳ ಲೆಕ್ಕ ಕೂಡಿಸಿದರೆ ಕಲ್ಲು ಜಾರಿದ ಜಾಗ ಸಿಗುತ್ತದೆ.

ಕಲ್ಲು ಜಾರುವುದು ಯಾಕೆ? ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರದ ತುದಿಯಲ್ಲಿ ಕೂತು ಪಕ್ಕದ ಮರವನ್ನು ಎಳೆದು ಬಾಗಿಸುವುದನ್ನು ನೆನೆಯಿರಿ. ಹಿಡಿತ ಇರುವಷ್ಟು ಹೊತ್ತು ಮರ ಬಾಗಿಯೇ ಇರುತ್ತದೆ. ಕೈ ಜಾರಿತೋ, ಚಿಮ್ಮಿ ಹಿಂದಕ್ಕೆ ಹೋಗಿ ತೂಗಾಡುತ್ತದೆ. ನೆಲದಾಳದ ಹಳೆಯ ಸೀಳಿಗೆ ಸ್ತರಭಂಗ ಎನ್ನುತ್ತಾರೆ. ಅದರ ಎರಡು ಬದಿಯ ಕಲ್ಲುಗಳನ್ನು ಭೂಫಲಕಗಳ ಚಲನೆ ವರ್ಷಕ್ಕೆ ಮಿಲಿಮೀಟರು, ಸೆಂಟಿಮೀಟರುಗಳ ಲೆಕ್ಕದಲ್ಲಿ ಬಾಗಿಸುತ್ತಲೇ ಇರುತ್ತದೆ. ಹಿಡಿದು ನಿಲ್ಲಿಸುವುದು ಘರ್ಷಣೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ಹಿಂದಿನ ಮತ್ತು ಮುಂದಿನ ಮೋಜಣಿಗಳನ್ನು ಹೋಲಿಸಿ ಹ್ಯಾರಿ ಫೀಲ್ಡಿಂಗ್ ರೀಡ್ ಈ ಸಂಗತಿಯನ್ನು 1910ರಲ್ಲಿ ಮುಂದಿಟ್ಟರು. ಒಂದೇ ನೇರಕ್ಕಿದ್ದ ಬೇಲಿಗಳು ಅಲ್ಲಿ ತುಂಡಾಗಿ ಮೀಟರುಗಟ್ಟಲೆ ಆಚೀಚೆ ಸರಿದಿದ್ದವು. ನಡುಕ ನಿಮಿಷದ್ದು, ಅದರ ತಯಾರಿ ಶತಮಾನಗಳದ್ದು. ವಿಜ್ಞಾನಿಗಳು ಪಟ್ಟು ಹಿಡಿದು ಓದುತ್ತಿರುವುದು ಈ ತಯಾರಿಯನ್ನೇ.

ಹಿಡಿತ ಇಡೀ ಸೀಳಿನಲ್ಲಿ ಒಮ್ಮೆಲೇ ತಪ್ಪುವುದಿಲ್ಲ. ಒಂದು ಕಡೆ ಜಾರಿ, ಪಕ್ಕದ್ದನ್ನು ಜಾರಿಸಿ, ಬಟ್ಟೆ ಹರಿದಂತೆ, ಸಾಮಾನ್ಯವಾಗಿ ಸೆಕೆಂಡಿಗೆ ಎರಡು ಮೂರು ಕಿ.ಮೀ. ವೇಗದಲ್ಲಿ ಸಾಗುತ್ತದೆ. 2025ರ ಮಾರ್ಚ್ 28ರಂದು ಮ್ಯಾನ್ಮಾರಿನ ಸಗೈಂಗ್ ಸ್ತರಭಂಗ 400 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಹೀಗೆ ಹರಿಯಿತು. ತೀವ್ರತೆ 7.7. ಅಲ್ಲಿಯ ಒಂದು ಸಿ.ಸಿ. ಕ್ಯಾಮೆರಾದಲ್ಲಿ ಗೇಟಿನಾಚೆಯ ನೆಲ ಹಾಗೇ ಪಕ್ಕಕ್ಕೆ ಸರಿದುಹೋದದ್ದು ದಾಖಲಾಯಿತು. ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧಕರು ಚಿತ್ರದ ಒಂದೊಂದೇ ಚೌಕಟ್ಟು ಅಳೆದು, ಸುಮಾರು 1.3 ಸೆಕೆಂಡಿನಲ್ಲಿ ಎರಡೂವರೆ ಮೀಟರ್ ಸರಿದಿದೆ ಎಂದು ಲೆಕ್ಕ ಹಾಕಿದರು. ಆ ತುಣುಕನ್ನು ನಾನು ಎಷ್ಟು ಸಲ ನೋಡಿದೆನೋ. ಪ್ರತಿ ಸಲವೂ ಎದೆ ಝಲ್ಲೆನ್ನುತ್ತದೆ. ಚೆಂಬುವಿನ 3.0ಕ್ಕೂ ಇದಕ್ಕೂ ಅಂತರ ಬರೀ 4.7 ಎಂದುಕೊಳ್ಳಬೇಡಿ. ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. ಹಾಗೆ ಗುಣಿಸುತ್ತ ಹೋದರೆ ಒಂದು ಕೋಟಿ ಪಟ್ಟು ದಾಟುತ್ತದೆ.

ಹಾಗಾದರೆ ದಖ್ಖನ್ನಿನ ಹಳೆಯ ನೆಲ ಸುರಕ್ಷಿತವೇ? ಮಹಾರಾಷ್ಟ್ರದ ಕಿಲ್ಲಾರಿಯವರೂ ಹಾಗೇ ನಂಬಿದ್ದರು. ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಊರು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕುಸಿಯಿತು. ಬೀದರ್, ಕಲಬುರಗಿಯವರೆಗೂ ಭೂಮಿ ನಡುಗಿತು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ತೀವ್ರತೆ 6.2 ಅಷ್ಟೆ, ಕೊಂದದ್ದು ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆಗಳು. ಆಮೇಲೆ ಸಿ.ಪಿ. ರಾಜೇಂದ್ರನ್, ಕುಸಲಾ ರಾಜೇಂದ್ರನ್ ಅವರಂಥ ವಿಜ್ಞಾನಿಗಳು ಅಲ್ಲಿ ಕಂದಕ ತೋಡಿ, ತುಂಡಾದ ಪದರಗಳಲ್ಲಿ ಹಿಂದಿನ ಜಾರಿಕೆಗಳ ಗುರುತು ಹುಡುಕಿದರು. ಮುರಿದ ಪದರದಲ್ಲಿ ಒಂದು ಚೂರು ಇದ್ದಿಲು ಸಿಕ್ಕರೂ ಸಾಕು, ಅದರ ವಯಸ್ಸಿನಿಂದ ಹಳೆಯ ಭೂಕಂಪದ ಕಾಲವನ್ನು ಅಂದಾಜಿಸಬಹುದು.

ಮಲೆನಾಡಿನವರಾದ ನಮಗೆ ಹೆಚ್ಚು ಹತ್ತಿರದ ಪಾಠ ಮಹಾರಾಷ್ಟ್ರದ್ದೇ ಆದ ಕೊಯ್ನಾ ಅಣೆಕಟ್ಟಿನದು. ಅದೂ ಪಶ್ಚಿಮಘಟ್ಟವೇ. ಜಲಾಶಯ ತುಂಬತೊಡಗಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರಂದು 6.3ರ ಭೂಕಂಪವಾಯಿತು. ಸುಮಾರು 180 ಜನ ತೀರಿಕೊಂಡರು. ನೀರಿನ ಭಾರ ಒಂದು ಕಡೆ. ಬಿರುಕುಗಳಿಗಿಳಿದ ನೀರಿನ ಒತ್ತಡ ಎರಡು ಬದಿಯ ಕಲ್ಲನ್ನು ಅಗಲಿಸಿ ಹಿಡಿತ ಸಡಿಲಿಸುವುದು ಇನ್ನೊಂದು ಕಡೆ. ಅಲ್ಲಿ ಈಗಲೂ ಸಣ್ಣ ಕಂಪನಗಳು ನಿಂತಿಲ್ಲ. ಅವುಗಳ ತವರಿಗೇ ಇಳಿದು ನೋಡೋಣವೆಂದು 2017ರಲ್ಲಿ ಕೊಯ್ನಾ ಬಳಿಯ ಗೋಠಣೆಯಲ್ಲಿ 3 ಕಿ.ಮೀ. ಆಳಕ್ಕೆ ಕೊರೆದರು. ಒಂದೂಕಾಲು ಕಿ.ಮೀ. ಕಪ್ಪುಕಲ್ಲು ದಾಟಿದ ಮೇಲೆ ಸಿಕ್ಕಿದ್ದು ನಮ್ಮ ಕಡೆಯ ಬಂಡೆಗಳ ಜಾತಿಯದೇ ಗ್ರಾನೈಟ್, ನೈಸ್. ಭದ್ರಾ ಹಿನ್ನೀರಿನ ಅಂಚಿನ ನರಸಿಂಹರಾಜಪುರದವರು ಇದನ್ನೋದಿ ಗಾಬರಿಯಾಗಬೇಕಿಲ್ಲ. ನೀರು ತಾನಾಗಿ ಭೂಕಂಪ ಹುಟ್ಟಿಸುವುದಿಲ್ಲ. ಮೊದಲೇ ಬಾಗಿ, ಜಾರಲು ಸಿದ್ಧವಾಗಿರುವ ಸೀಳು ಕೆಳಗಿದ್ದರೆ ಅದು ಜಾರುವ ಗಳಿಗೆಯನ್ನು ಬೇಗ ತರುತ್ತದೆ.

ಇವೆಲ್ಲವನ್ನೂ ಆಲಿಸುವ ಕಿವಿಯೊಂದು ನಮ್ಮ ರಾಜ್ಯದಲ್ಲೇ ಇದೆ. ಗೌರಿಬಿದನೂರಿನ ಬಂಡೆನೆಲದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ 20 ಮಾಪಕಗಳು 1965ರಿಂದ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಸಾಲಾಗಿ ಕೂತಿವೆ. ಅಲೆ ಯಾವ ಮಾಪಕವನ್ನು ಮೊದಲು ಮುಟ್ಟಿತು, ಯಾವುದನ್ನು ಆಮೇಲೆ ಎಂಬುದರಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ದೂರದ ಅಣುಬಾಂಬ್ ಪರೀಕ್ಷೆಗಳ ಪತ್ತೆಗೆಂದು ಹುಟ್ಟಿದ ಏರ್ಪಾಡು ಇದು.

ಸಣ್ಣ ಕಂಪನಕ್ಕೆ ಹತ್ತಿರದ ಮಾಪಕವೇ ಬೇಕು. ಅದು ಇಲ್ಲದ ಕಡೆ ಜನರ ಹೇಳಿಕೆಗೂ ಬೆಲೆಯಿದೆ. ಎಂದಾದರೂ ನಮ್ಮ ತೋಟದಡಿಯಿಂದಲೂ ಆ ಸದ್ದು ಬಂದರೆ, ಅಂಗಳಕ್ಕೆ ಓಡಿದ ಮೇಲೆ ಹೊತ್ತು ಬರೆದಿಡಿ: ಗಂಟೆ, ನಿಮಿಷ, ಸದ್ದಿಗೂ ನಡುಕಕ್ಕೂ ನಡುವೆ ಎಷ್ಟು ಎಣಿಸಿದಿರಿ ಎನ್ನುವುದು.