ಮೀನು ಬಿಟ್ಟ ತೊಟ್ಟಿಗೆ ಬ್ಲೀಚಿಂಗ್ ಪುಡಿ

ಕಳೆದ ಮಳೆಗಾಲದಲ್ಲಿ ಅಜ್ಜಂಪುರದ ಕಡೆಯ ತಾಯಿಯೊಬ್ಬರು ಹನ್ನೊಂದು ವರ್ಷದ ಮಗನನ್ನು ನನ್ನ ಬಳಿ ಕರೆತಂದರು. ನಾಲ್ಕು ದಿನದ ಜ್ವರ, ಕಣ್ಣಿನ ಹಿಂದೆ ನೋವು, ವಿಪರೀತ ಮೈಕೈ ನೋವು. ರಕ್ತಪರೀಕ್ಷೆಯಲ್ಲಿ ಡೆಂಗಿ ಇರುವುದು ಖಚಿತವಾಯಿತು. “ನಮ್ಮನೆ ಹತ್ರ ಚರಂಡೀನೇ ಇಲ್ಲ ಡಾಕ್ಟ್ರೇ. ಸೊಳ್ಳೆ ಆಗ್ಬಾರ್ದು ಅಂತ ತೊಟ್ಟೀಗೆ ಮೀನು ಬೇರೆ ಬಿಟ್ಟು ಹೋಗಿದ್ರು. ಆಮೇಲೆ ಊರಲ್ಲಿ ವಾಂತಿಭೇದಿ ಅಂತ ಇನ್ಯಾರೋ ಬಂದು ಅದೇ ತೊಟ್ಟೀಗೆ ಬ್ಲೀಚಿಂಗ್ ಪುಡಿ ಹಾಕಿದ್ರು. ಮೀನೆಲ್ಲ ಸತ್ತೋದ್ವು” ಎಂದರು. ಇಬ್ಬರು ಮಾಡಿದ್ದೂ ಆರೋಗ್ಯ ರಕ್ಷಣೆಯ ಕೆಲಸವೇ. ಆದರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಹುಡುಗ ಐದು ದಿನ ಆಸ್ಪತ್ರೆಯಲ್ಲಿದ್ದು ಗುಣಮುಖನಾದ. ಅವನ ತಾಯಿಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಏಕೆಂದರೆ ಮೀನಿನಿಂದ ಸೊಳ್ಳೆ ತಡೆಯುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಕಾಲದಲ್ಲಿ, 1920ರ ದಶಕದ ಕೊನೆಯಲ್ಲಿ, ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನವನ್ನು ಕೈಗೊಂಡಿತು. ಮೂಡಿಗೆರೆ, ಹಿರಿಯೂರು ಮತ್ತು ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಗಳಲ್ಲಿ ಕೇಂದ್ರಗಳು ತೆರೆದವು. ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಗ್ಯಾಂಬೂಸಿಯ ಎಂಬ ಪುಟ್ಟ ಮೀನನ್ನು ಡಾ. ಬಿ.ಎ. ರಾವ್ ಅವರು ಇಟಲಿಯಿಂದ ಭಾರತಕ್ಕೆ ತಂದದ್ದು 1928ರಲ್ಲಿ.

ಆನಂತರ ಡಿ.ಡಿ.ಟಿ. ಬಂತು. ಮನೆಮನೆಯ ಗೋಡೆಗೆ ಸಿಂಪಡಿಸಿದರೆ ಸಾಕು, ಮಲೇರಿಯಾ ಓಡುತ್ತದೆ ಎಂದಾದ ಮೇಲೆ ಮೀನನ್ನು ಕೇಳುವವರಾರು? 1965ರ ವೇಳೆಗೆ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು 1976ರಲ್ಲಿ 64 ಲಕ್ಷವನ್ನು ದಾಟಿದವು. ಸೊಳ್ಳೆಗಳು ಡಿ.ಡಿ.ಟಿ.ಯನ್ನು ಸಹಿಸಿಕೊಳ್ಳುವುದನ್ನು ಕಲಿತಿದ್ದವು, ನಮ್ಮ ಎಚ್ಚರವೂ ತಪ್ಪಿತ್ತು.

ಮೀನನ್ನು ಮತ್ತೆ ನೆನಪಿಸಿದ್ದು ರೇಷ್ಮೆ ಹುಳು! ಕೋಲಾರ ಜಿಲ್ಲೆಯ ರೇಷ್ಮೆ ಬೆಳೆಗಾರರು ಮನೆಯೊಳಗೆ ಕೀಟನಾಶಕ ಸಿಂಪಡಿಸಲು ಒಪ್ಪುತ್ತಿರಲಿಲ್ಲ. ಸಿಂಪಡಿಸಿದರೆ ಸೊಳ್ಳೆಯ ಜೊತೆ ರೇಷ್ಮೆ ಹುಳುವೂ ಸಾಯುತ್ತದೆ. ಆಗ ಮಲೇರಿಯಾ ಸಂಶೋಧನಾ ಕೇಂದ್ರದ ಬೆಂಗಳೂರು ಘಟಕದವರು ಊರಿನ ಬಾವಿಗಳಿಗೆ ಗಪ್ಪಿ, ಕೆರೆಕಟ್ಟೆಗಳಿಗೆ ಗ್ಯಾಂಬೂಸಿಯ ಬಿಟ್ಟು ವರ್ಷಗಟ್ಟಲೆ ಲೆಕ್ಕವಿಟ್ಟರು. ಸೊಳ್ಳೆಯೂ ಮಲೇರಿಯಾವೂ ಗಣನೀಯವಾಗಿ ತಗ್ಗಿದವು. 2006ರ ಚಿಕುನ್‌ಗುನ್ಯ ಹಾವಳಿಯ ನಂತರ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಯೊಳಗಿನ ಸಿಮೆಂಟ್ ತೊಟ್ಟಿಗಳಲ್ಲೂ ಇವೇ ಎರಡು ಮೀನುಗಳನ್ನು ಪರೀಕ್ಷಿಸಲಾಯಿತು. ಆರೋಗ್ಯ ಇಲಾಖೆಯೂ ಈ ವಿಧಾನವನ್ನು ತನ್ನ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿದೆ.

ಹಾಗಿದ್ದರೆ ತೊಡಕೆಲ್ಲಿ? ಸಂಶೋಧಕರು ನೀರಿನಲ್ಲಿ ಉಳಿದ ಮರಿಹುಳುಗಳನ್ನು ಎಣಿಸುತ್ತಿದ್ದರು. ಒಂದು ಬಾವಿಯನ್ನೂ ಬಿಡದೆ ನೋಡಿ, ಮೀನು ಸತ್ತಲ್ಲಿ ಮತ್ತೆ ಬಿಡುತ್ತಿದ್ದರು. ಅದೇ ಕೆಲಸ ಆದೇಶವಾಗಿ ಹಳ್ಳಿಗೆ ಬಂದಾಗ ವರದಿಯಲ್ಲಿ ಬರೆಯುವುದು ಬಿಟ್ಟ ಮೀನುಗಳ ಸಂಖ್ಯೆಯನ್ನು. ತಿಂಗಳ ನಂತರ ಅವು ಬದುಕಿವೆಯೇ ಎಂದು ನೋಡುವ ಕೆಲಸ ಯಾರದೂ ಅಲ್ಲ. ವೈದ್ಯರಾದ ನಾವೂ ಇದಕ್ಕೆ ಹೊರತಲ್ಲ. ಜ್ವರಕ್ಕೆ ಮಾತ್ರೆ ಬರೆದುಕೊಡುವಾಗ “ಮನೆಯಲ್ಲಿ ನೀರು ಹೇಗೆ ತುಂಬಿಡುತ್ತೀರಿ?” ಎಂದು ನಾನು ಎಷ್ಟೋ ವರ್ಷ ಕೇಳಿರಲೇ ಇಲ್ಲ.

ಈ ಪ್ರಶ್ನೆ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಬಹಳ ಮುಖ್ಯ. ತೆರೆದ ಬಾವಿಗಳು ಬತ್ತಿ ಕೊಳವೆಬಾವಿ ಬಂದ ಮೇಲೆ ಸೊಳ್ಳೆ ಬೆಳೆಯುವ ಜಾಗವೂ ಬದಲಾಗಿದೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ತೊಟ್ಟಿ, ಡ್ರಮ್ಮು, ಸಂಪುಗಳಿಲ್ಲದೆ ಸಂಸಾರ ಸಾಗುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಇಷ್ಟ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಕರಟವೂ ಅದಕ್ಕೆ ಸಾಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂ., ಹಳ್ಳಿಯಲ್ಲಿ 200 ರೂ. ದಂಡ ಗೊತ್ತುಪಡಿಸಿತು. ದಂಡ ಬೇಡವೆನ್ನಲಾರೆ. ಆದರೆ ನಿತ್ಯ ನೀರು ಬಂದರೆ ಜನ ಏಕೆ ತುಂಬಿಡುತ್ತಾರೆ?

ಮೊಟ್ಟೆ ರೆಕ್ಕೆಬಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ, ಒಳಗೋಡೆಯನ್ನು ಚೆನ್ನಾಗಿ ತಿಕ್ಕಿ ತೊಳೆಯಬೇಕು. ನೀರು ಚೆಲ್ಲಿದರಷ್ಟೇ ಸಾಲದು, ಈಡಿಸ್ ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಕುಡಿಯುವ ನೀರಿಗೆ ಕ್ಲೋರಿನ್ ಮತ್ತು ಬಿಗಿಯಾದ ಮುಚ್ಚಳವೇ ಸರಿ. ದನಗಳ ನೀರಿನ ತೊಟ್ಟಿ, ಪಾಳುಬಾವಿಯಂಥ ಕಡೆ ಮೀನು ಬಿಡಿ. ಅಲ್ಲಿಗೆ ಬ್ಲೀಚಿಂಗ್ ಪುಡಿ ಬೇಡ. ಕೆರೆ, ಹಳ್ಳಕ್ಕೆ ಮಾತ್ರ ಗ್ಯಾಂಬೂಸಿಯವನ್ನು ಬಿಡಬಾರದು. ನಾಡಮೀನಿನ ಮರಿ, ಕಪ್ಪೆಮರಿಗಳನ್ನೂ ಅದು ತಿನ್ನುತ್ತದೆ. ಹಿಂದೆ ಹೀಗೆ ಬಿಟ್ಟದ್ದು ತಪ್ಪೆಂದು ಇಂದು ತಿಳಿದಿದೆ.

ಡೆಂಗಿ ಶಂಕೆಯಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಜ್ವರ ಇಳಿಯುವ ಹೊತ್ತಿನಲ್ಲೇ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ.

ಆ ತಾಯಿ ತಿಂಗಳ ನಂತರ ಮಗನನ್ನು ತೋರಿಸಲು ಬಂದಿದ್ದರು. ಕುಡಿಯುವ ನೀರಿನ ತೊಟ್ಟಿಗೆ ತಗಡಿನ ಮುಚ್ಚಳ ಮಾಡಿಸಿದ್ದಾರಂತೆ. ಪಕ್ಕದ ತೋಟದ ಬಾವಿಯಿಂದ ಕೊಡಪಾನದಲ್ಲಿ ಐದಾರು ಗಪ್ಪಿ ತಂದು ದನದ ತೊಟ್ಟಿಗೆ ಬಿಟ್ಟಿದ್ದಾರೆ. ಪುಡಿ ಹಾಕುವವರು ಮತ್ತೆ ಬಂದಾಗ ಯಾವ ತೊಟ್ಟಿ ಯಾವುದಕ್ಕೆಂದು ಬಾಗಿಲಲ್ಲೇ ನಿಂತು ಹೇಳಿ ಕಳುಹಿಸಿದರಂತೆ.