ಮೂಡಣ ಕಡಲಿನ ಹಾರ್

ಮೇ ತಿಂಗಳಲ್ಲಿ ಸ್ಕಾಟ್‌ಲೆಂಡಿನ ಫೈಫ್ ಕರಾವಳಿಯಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತರೆ, ಅದು ಮೊದಲು ಕಾಣುವುದು ಕಡಲಂಚಿನಲ್ಲಿ ಎಳೆದ ಬೂದು ಗೀಟಿನಂತೆ. ನೆತ್ತಿಯ ಮೇಲೆ ಬಿಸಿಲು, ತಿಳಿ ನೀಲಿ ಆಕಾಶ. ಗೀಟು ನಿಧಾನವಾಗಿ ದಪ್ಪವಾಗುತ್ತದೆ. ಎಂಟು ಕಿಲೋಮೀಟರಿನಷ್ಟು ಆಚೆಗಿರುವ ಐಲ್ ಆಫ್ ಮೇ ದ್ವೀಪದ ಬುಡ ಅಳಿಸುತ್ತದೆ, ಆಮೇಲೆ ಬಂಡೆಗಳು, ಕೊನೆಗೆ ದೀಪಸ್ತಂಭ. ಗಾಳಿ ಥಟ್ಟನೆ ತಣ್ಣಗಾಗುತ್ತದೆ. ಊರಿನವರು ‘ಹಾರ್ ಬಂತು’ ಎನ್ನುತ್ತಾರೆ.

ಕಂಡ ಮಂಜನ್ನೆಲ್ಲ ಅವರು ಹಾರ್ ಎನ್ನುವುದಿಲ್ಲ. ಬೆಟ್ಟದ ನೆತ್ತಿಗೆ ಕವಿಯುವುದು, ಚಳಿಗಾಲದ ರಾತ್ರಿ ಕಣಿವೆಯ ನೆಲದಿಂದ ಏಳುವ ಕಾವಳ, ಇವು ಬೇರೆ. ಹಾರ್ ಕಡಲಿನಿಂದ ಬರಬೇಕು, ಮೂಡಣ ಗಾಳಿಯ ಬೆನ್ನೇರಿ ಬರಬೇಕು, ಮೈ ಕೊರೆಯಬೇಕು. ಹಳೆಯ ಬಳಕೆಯಲ್ಲಿ ಆ ಥಂಡಿ ಗಾಳಿಗೇ ಈ ಹೆಸರಿತ್ತು. ಗಡಿ ದಾಟಿ ಇಂಗ್ಲೆಂಡಿನ ನಾರ್ತಂಬರ್‌ಲೆಂಡ್, ಯಾರ್ಕ್‌ಶೈರ್ ಕರಾವಳಿಗೆ ಹೋದರೆ ಇದನ್ನೇ ‘ಫ್ರೆಟ್’ ಎನ್ನುತ್ತಾರೆ. ಹವಾಮಾನ ವರದಿಯ ‘ಮಂಜು’ ಎಂಬ ಒಂದೇ ಪದಕ್ಕಿಂತ ಊರಿನವರ ‘ಹಾರ್’ ನನಗೆ ಹೆಚ್ಚು ನಿಖರವೆನಿಸುತ್ತದೆ. ಗಾಳಿಯ ದಿಕ್ಕು, ಋತು, ಕಡಲಿನ ಚಳಿ ಮೂರೂ ಅದರಲ್ಲಿವೆ.

ಉತ್ತರ ಸಮುದ್ರ ವಸಂತದಲ್ಲಿ ನೆಲಕ್ಕಿಂತ ಬಹಳ ತಡವಾಗಿ ಬಿಸಿಯಾಗುತ್ತದೆ. ಯುರೋಪಿನ ಕಡೆಯಿಂದ ತೇವ ಹೊತ್ತ ಬೆಚ್ಚನೆಯ ಗಾಳಿ ಆ ನೀರಿನ ಮೇಲೆ ಹಾಯುವಾಗ ಅದರ ತಳದ ಪದರ ತಣಿದು, ತೇವ ಸಣ್ಣ ಹನಿಗಳಾಗುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇದರ ಕಾಲ. ಪದರ ತೆಳು. ಎಡಿನ್‌ಬರೋದ ಬೀದಿಗಳಲ್ಲಿ ದಾರಿ ಕಾಣದಿದ್ದಾಗಲೂ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಗುಡ್ಡದ ತುದಿ ಕೆಲವೊಮ್ಮೆ ಬಿಸಿಲಿನಲ್ಲಿರುತ್ತದೆ. ಒಳನಾಡಿಗೆ ಸ್ವಲ್ಪ ದೂರ ಹೋದರೂ ಸಾಕು, ಕೋಟು ಬಿಚ್ಚಬೇಕೆನಿಸುತ್ತದೆ. ಹೊತ್ತೇರಿ ನೆಲ ಕಾದಂತೆ ಹಾರ್ ಕರಾವಳಿಗೆ ಹಿಂಜರಿಯುತ್ತದೆ, ಸಂಜೆ ಮತ್ತೆ ಒಳಗೆ ನುಗ್ಗುತ್ತದೆ. ಮೂಡಣ ಗಾಳಿ ಬಿಡದಿದ್ದರೆ ದಿನಗಟ್ಟಲೆ ಕೂತಿರುವುದೂ ಉಂಟು.

ಕಣ್ಣಿಗೆ ಕೆಲಸವಿಲ್ಲದಾಗ ಕಿವಿಯಿಂದ ಟಿಪ್ಪಣಿ ಮಾಡಿಕೊಳ್ಳಬೇಕು. ಗಂಡು ಐಡರ್ ಬಾತುಗಳ ‘ಅಊ’ ಎಂಬ ಬೆರಗಿನ ಕೂಗು ನೀರಿನ ಮೇಲಿಂದ ಬರುತ್ತದೆ. ಆಯ್ಸ್ಟರ್‌ಕ್ಯಾಚರ್ ಹಕ್ಕಿಗಳು ಬಂಡೆಯಿಂದ ಬಂಡೆಗೆ ಸಿಳ್ಳೆ ಹಾಕುತ್ತ ಸಾಗುತ್ತವೆ. ಹತ್ತಿರಕ್ಕೆ ಬಗ್ಗಿದರೆ, ಒಣಗಿ ಗರಿಗರಿಯಾಗಿದ್ದ ಹಳದಿ ಕಲ್ಲುಹೂ ತೇವ ಹೀರಿ ಮೆತ್ತಗಾಗಿರುತ್ತದೆ, ಮುಳ್ಳುಪೊದೆಯ ಜೇಡರ ಬಲೆಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತವೆ. ಮೊದಲು ಇದರ ಜೊತೆ ಇನ್ನೊಂದು ದನಿಯೂ ಇತ್ತು: ಐಲ್ ಆಫ್ ಮೇಯಲ್ಲಿ 1886ರಲ್ಲಿ ಕೂರಿಸಿದ, ಒತ್ತಿದ ಗಾಳಿಯಿಂದ ಮೊಳಗುತ್ತಿದ್ದ ಮಂಜಿನ ಕಹಳೆ. ಈಗ ಅದು ಊದುವುದಿಲ್ಲ.

ಈ ದ್ವೀಪಕ್ಕೆ 1907ರಿಂದ ವಸಂತ, ಶರತ್ಕಾಲಗಳಲ್ಲಿ ಬಂದು ತಂಗುತ್ತಿದ್ದವರು ಫೈಫ್‌ನವರೇ ಆದ ಎವೆಲಿನ್ ಬ್ಯಾಕ್ಸ್‌ಟರ್ ಮತ್ತು ಲಿಯೊನೋರಾ ರಿಂಟೂಲ್ ಎಂಬ ಗೆಳತಿಯರು. ಅವರ ತಾಳ್ಮೆ ನನಗೆ ಬಹಳ ದೊಡ್ಡದೆನಿಸುತ್ತದೆ. ವಲಸೆ ಹಕ್ಕಿಗಳು ಗೊತ್ತಾದ ದಾರಿಯಲ್ಲೇ ಬರುತ್ತವೆ ಎಂದು ನಂಬಿದ್ದ ಕಾಲದಲ್ಲಿ, ಹಕ್ಕಿ ಇಳಿದ ದಿನಕ್ಕೂ ಗಾಳಿಗೂ ಇರುವ ನಂಟನ್ನು ಅವರು ಬರೆದಿಡುತ್ತ ಹೋದರು. ಹಾರ್ ತರುವ ಮೂಡಣ ಗಾಳಿ ಹಕ್ಕಿಗಳನ್ನೂ ದಾರಿ ತಪ್ಪಿಸಿ ಈ ತೀರಕ್ಕೆ ತಳ್ಳುತ್ತದೆ ಎಂಬ ವಿಚಾರ 1918ರ ಅವರ ಪ್ರಬಂಧದಿಂದ ಬಲಗೊಂಡಿತು. ಸ್ಕ್ಯಾಂಡಿನೇವಿಯಾಕ್ಕೆ ಹೊರಟ ನೀಲಿ ಕೊರಳಿನ ಬ್ಲೂಥ್ರೋಟ್ ಹಾಗೆ ಇಲ್ಲಿ ಇಳಿಯುತ್ತದೆ. ಚಳಿಗಾಲದಲ್ಲಿ ಕರ್ನಾಟಕದ ಕೆರೆಯಂಚಿನ ಜೊಂಡಿನಲ್ಲಿ ಬಾಲ ಎತ್ತಿ ಓಡಾಡುವುದೂ ಇದೇ ಜಾತಿಯ ಹಕ್ಕಿ.

ದಣಿದ ಹಕ್ಕಿ ಕಲ್ಲುಗೋಡೆಯ ಮರೆಯಲ್ಲಿ, ಗಿಡದ ಬುಡದಲ್ಲಿ ಹುಳು ಹೆಕ್ಕುತ್ತಿರುತ್ತದೆ. ಆಕಾಶ ತಿಳಿಯಾದ ಮೊದಲ ರಾತ್ರಿಯೇ ಹೊರಟುಬಿಡಬಹುದು. ಅದನ್ನು ನೋಡಬೇಕೆಂದಿರುವವರು ಹಾರ್ ಕರಗಲೆಂದು ಒಳಗೆ ಕೂರದೆ, ಅದು ಕವಿದಿರುವಾಗಲೇ ಗೋಡೆಯ ಗುಂಟ ಮೆಲ್ಲಗೆ ನಡೆಯಬೇಕು.