ಶುಗರ್ ತಾನಾಗಿ ಇಳಿದರೆ ಕಿಡ್ನಿ ನೋಡಿಸಿ

ವಿಮಾನ ನಿಲ್ದಾಣ ಬಂದ ಮೇಲೆ ಸೋಗಾನೆಯ ಹೆಸರು ಎಲ್ಲರಿಗೂ ಪರಿಚಿತ. ಆ ಕಡೆಯ ಹಿರಿಯರೊಬ್ಬರನ್ನು ನಾವು ಕಾಕ ಎಂದೇ ಕರೆಯುವುದು. ಹದಿನೈದು ವರ್ಷದಿಂದ ಶುಗರ್ ಇದ್ದವರು. ಹಿಂದೊಮ್ಮೆ ಸಿಕ್ಕಾಗ ಭಾರೀ ಖುಷಿಯಲ್ಲಿದ್ದರು. "250 ಇರ್ತಿತ್ತು ಮೋನೇ, ಈಗ 100ರ ಹತ್ರ. ಮಾತ್ರೆ ಅದೇ. ಅಲ್ಲಾಹು ಕಮ್ಮಿ ಮಾಡಿಕೊಟ್ಟ" ಎಂದರು. ಕಾಲು ಊದಿರುವುದನ್ನು ತೋರಿಸಿದರೆ, "ವಯಸ್ಸಾಯ್ತಲ್ಲ" ಎಂದು ನಕ್ಕರು.

ತಿಂಗಳೊಳಗೆ ಒಂದು ಬೆಳಗಿನ ಜಾವ ಮೈಯೆಲ್ಲ ಬೆವರಿ, ಮಾತು ತೊದಲಿ, ಮನೆಯವರು ಆಸ್ಪತ್ರೆಗೆ ಹೊತ್ತೊಯ್ದರು. ಶುಗರ್ 48ಕ್ಕೆ ಬಿದ್ದಿತ್ತು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿದ್ದು ಕಿಡ್ನಿ ಸೋತಿರುವ ವಿಷಯ.

ಶುಗರ್ ಹೆಚ್ಚಾದರೆ ಕಿಡ್ನಿ ಹಾಳು ಎಂಬುದು ನಮಗೆಲ್ಲ ಗೊತ್ತು. ಕಿಡ್ನಿ ಹಾಳಾದರೆ ಶುಗರ್ ಇಳಿಯಲೂಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ದೇಹದ ಇನ್ಸುಲಿನ್‌ನಲ್ಲಿ ಒಂದು ಪಾಲನ್ನು ಕರಗಿಸಿ ಹೊರಹಾಕುವುದು ಕಿಡ್ನಿಯೇ. ಅದು ಸೋತರೆ ಇನ್ಸುಲಿನ್ ರಕ್ತದಲ್ಲೇ ಉಳಿದು ಕೆಲಸ ಮಾಡುತ್ತಲೇ ಇರುತ್ತದೆ. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳೂ ಹಾಗೆಯೇ, ಹೊರಹೋಗದೆ ಶೇಖರವಾಗುತ್ತವೆ. ಉಪವಾಸವಿದ್ದಾಗ ಗ್ಲೂಕೋಸ್ ತಯಾರಿಸಿ ಕೊಡುವುದರಲ್ಲೂ ಕಿಡ್ನಿಗೆ ಪಾತ್ರವಿದೆ, ಅದೂ ಕುಗ್ಗುತ್ತದೆ. ಮೇಲಿಂದ ಹಸಿವು ಕಡಿಮೆ. 70ಕ್ಕಿಂತ ಕೆಳಗೆ ಹೋದರೆ ಅಪಾಯ.

ಹಾಗಂತ "ಮಾತ್ರೆಯಿಂದಲೇ ಕಿಡ್ನಿ ಹೋಯ್ತು" ಎಂದು ಡಬ್ಬಿ ಎಸೆಯುವವರ ಮಾತು ಕೇಳಬೇಡಿ. ನಮ್ಮ ಮದುವೆ ಮನೆಗಳಲ್ಲಿ ಬಿರಿಯಾನಿಯ ಜತೆ ಈ ಸಲಹೆಯೂ ಧಾರಾಳ ಸಿಗುತ್ತದೆ! ವರ್ಷಗಟ್ಟಲೆ ಹಿಡಿತ ತಪ್ಪಿದ ಶುಗರ್ ಮತ್ತು ಬಿಪಿ ಕಿಡ್ನಿಯ ಸೋಸು ಜಾಲವನ್ನು ಹರಿಯುತ್ತವೆ. ಕೈಕಾಲು ನೋವಿಗೆಂದು ದಿನಾ ನುಂಗುವ ನೋವಿನ ಮಾತ್ರೆ ಅದಕ್ಕೆ ಇನ್ನಷ್ಟು ಹೊಡೆತ ಕೊಡುತ್ತದೆ.

ಮೊದಲ ಸುಳಿವು ಸಿಗುವುದು ಮೂತ್ರದಲ್ಲಿ. ಅದರಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂಬ ಪರೀಕ್ಷೆಯನ್ನು ಶುಗರ್ ಇದ್ದವರು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಕ್ರಿಯಾಟಿನಿನ್ ಒಂದನ್ನೇ ನಂಬಿ ಕೂತರೆ ತಡವಾದೀತು. ಸುಮಾರು ಅರ್ಧ ಕಿಡ್ನಿ ಶಕ್ತಿ ಹೋಗುವವರೆಗೂ ಅದು ಸರಿಯಿದ್ದಂತೆಯೇ ಕಾಣಬಹುದು.

ರಂಝಾನ್ ಉಪವಾಸ ಹಿಡಿಯುವ ಆಸೆ ಇಂಥವರಿಗೂ ಇರುತ್ತದೆ. ಕಾಯಿಲೆಯವರಿಗೆ ದೀನ್‌ನಲ್ಲಿ ರಿಯಾಯಿತಿ ಇದೆ. ತಿಂಗಳ ಮೊದಲೇ ವೈದ್ಯರನ್ನು ಕೇಳಿ. ಹಿಡಿದ ಮೇಲೆ ಶುಗರ್ ಇಳಿದರೆ ಮಗ್ರಿಬ್‌ವರೆಗೆ ಕಾಯದೆ ಆಗಲೇ ಮುರಿಯಿರಿ.

ಕಾಕನಿಗೆ ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಶುಗರ್ ಮಾತ್ರೆಯನ್ನು ವೈದ್ಯರು ಬದಲಿಸಿದ್ದಾರೆ. ಅಂಗಿ ಜೇಬಿನಲ್ಲಿ ಯಾವಾಗಲೂ ಗ್ಲೂಕೋಸ್ ಪುಡಿಯ ಪೊಟ್ಟಣ ಇರುತ್ತದೆ. ಕಳೆದ ವಾರ ಇಬ್ಬರು ಮಕ್ಕಳನ್ನೂ ಮೂತ್ರ ಪರೀಕ್ಷೆಗೆ ಅವರೇ ಎಬ್ಬಿಸಿ ಕಳಿಸಿದರಂತೆ.